ನಿಮಗಿದು ಗೊತ್ತೇ? ಕಾರಿನ ಆಯಿಲ್ ಡಬ್ಬಿಯಲ್ಲೂ ಫಿಲ್ಟರ್‌ನಲ್ಲೂ ಇಷ್ಟೆಲ್ಲ ಅಡಗಿದೆ!

ಡಬ್ಬಿಯ ಮೇಲಿನ ಅಂಕಿಗಳು

ಎಂಜಿನ್ ಆಯಿಲ್ ಡಬ್ಬಿಯ ಮೇಲೆ 5ಡಬ್ಲ್ಯು-30 ಅಂತ ಬರೆದಿರುವುದನ್ನು ನೋಡಿದ್ದೀರಲ್ಲ? ಆ ‘ಡಬ್ಲ್ಯು’ ಆಯಿಲ್‌ನ ತೂಕ ಹೇಳುತ್ತದೆ ಎಂದು ಬಹಳ ಮಂದಿ ತಿಳಿದಿದ್ದಾರೆ. ತೂಕಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಅದು ‘ವಿಂಟರ್’, ಅಂದರೆ ಚಳಿಗಾಲ! ಅಲ್ಲಿ ಎರಡು ಬೇರೆ ಬೇರೆ ಪರೀಕ್ಷೆಗಳ ಫಲಿತಾಂಶ ಅಕ್ಕಪಕ್ಕ ಕೂತಿದೆ. ಎಡಗಡೆಯದು ಚಳಿಯ ಪರೀಕ್ಷೆ, ಬಲಗಡೆಯದು ಕಾವಿನ ಪರೀಕ್ಷೆ.

ಆ ಚಳಿ ಎಷ್ಟು ಗೊತ್ತೇ? ಸುಲಭದ ಲೆಕ್ಕವೊಂದಿದೆ. ಎಡಗಡೆಯ ಅಂಕಿಯನ್ನು 35ರಿಂದ ಕಳೆಯಿರಿ, ಉಳಿದದ್ದಕ್ಕೆ ಮೈನಸ್ ಹಾಕಿ. 5ಡಬ್ಲ್ಯು ಆದರೆ ಮೈನಸ್ 30 ಡಿಗ್ರಿ. 10ಡಬ್ಲ್ಯು ಆದರೆ ಮೈನಸ್ 25. 20ಡಬ್ಲ್ಯು ಆದರೆ ಮೈನಸ್ 15. ಅಷ್ಟು ಚಳಿಯಲ್ಲೂ ಎಂಜಿನ್ ತಿರುಗಲು ಆಯಿಲ್ ಬಿಡುತ್ತದೆಯೇ ಎಂದು ಪ್ರಯೋಗಾಲಯದಲ್ಲಿ ನೋಡುತ್ತಾರೆ. ಲೆಕ್ಕ ಎಲ್ಲ ಡಬ್ಬಿಗೂ ತಾಳೆಯಾಗುತ್ತದೆ, ಮಾಡಿ ನೋಡಿ!

ಅಷ್ಟೇ ಅಲ್ಲ, ಅದಕ್ಕಿಂತ 5 ಡಿಗ್ರಿ ಕೆಳಗೆ ಇನ್ನೊಂದು ಪರೀಕ್ಷೆ ಇದೆ. ಅಲ್ಲಿ ಆಯಿಲ್ ಪಂಪಿಗೆ ಸಿಕ್ಕುವಷ್ಟು ಹರಿಯಬೇಕು. ಅಂದರೆ 5ಡಬ್ಲ್ಯು ಆಯಿಲ್ ಮೈನಸ್ 35 ಡಿಗ್ರಿಯಲ್ಲೂ ಹರಿದು ತೋರಿಸಬೇಕು. ನಮ್ಮ ಮನೆಯ ಕೊಬ್ಬರಿ ಎಣ್ಣೆ ಡಿಸೆಂಬರ್ ಬೆಳಿಗ್ಗೆಯೇ ಶೀಶೆಯಲ್ಲಿ ಹೆಪ್ಪುಗಟ್ಟಿ ಕೂರುತ್ತದೆ!

ಹಾಗಾದರೆ ನಮ್ಮೂರಿನಲ್ಲಿ ಎಷ್ಟು ಚಳಿ? ಬೆಂಗಳೂರಿನಲ್ಲಿ ದಾಖಲಾಗಿರುವ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ. ಅದೂ 1884ರ ಜನವರಿ 13ರಂದು! ಸೊನ್ನೆಯ ಕೆಳಗೆ ಇಳಿದದ್ದೇ ಇಲ್ಲ. ಹಾಗಿದ್ದರೂ ಇವತ್ತು ಊರಿನ ಎಷ್ಟೋ ಹೊಸ ಕಾರುಗಳ ಹೊಟ್ಟೆಯಲ್ಲಿ ಮೈನಸ್ 35 ಡಿಗ್ರಿಯ ಪರೀಕ್ಷೆ ಗೆದ್ದ 0ಡಬ್ಲ್ಯು ಆಯಿಲ್ ಇದೆ. ಲಡಾಖಿನ ದ್ರಾಸ್‌ನಲ್ಲಿ ಕಾರು ಇಟ್ಟುಕೊಂಡವರಿಗೆ ಈ ಅಂಕಿ ಪ್ರಾಣ. ನಮಗೆ ಅದರ ಲಾಭ ಬೆಳಗಿನ ಮೊದಲ ಸ್ಟಾರ್ಟ್‌ನಲ್ಲಿ ಮಾತ್ರ ಒಂದಿಷ್ಟು ಸಿಗುತ್ತದೆ.

ಈಗ ಬಲಗಡೆಯ 30ಕ್ಕೆ ಬನ್ನಿ. ಅದು 30 ಡಿಗ್ರಿಯಲ್ಲ, 30 ಗ್ರಾಂ ಅಲ್ಲ, 30 ಯಾವುದೂ ಅಲ್ಲ! ಅದು ಬರೀ ದರ್ಜೆಯ ಹೆಸರು. ಆಯಿಲನ್ನು 100 ಡಿಗ್ರಿಗೆ ಕಾಯಿಸಿ ಅದರ ಸ್ನಿಗ್ಧತೆ, ಅಂದರೆ ಎಷ್ಟು ಮಂದವಾಗಿ ಹರಿಯುತ್ತದೆ ಎಂಬುದನ್ನು ಅಳೆಯುತ್ತಾರೆ. 9.3ರಿಂದ 12.5 ಸೆಂಟಿಸ್ಟೋಕ್ ಒಳಗೆ ಬಂದರೆ 30. 12.5ರಿಂದ 16.3ರ ಒಳಗಾದರೆ 40. ಅಳತೆಗೆ ಹೇಳುವುದಾದರೆ, 20 ಡಿಗ್ರಿಯ ನೀರಿನದು ಸುಮಾರು 1 ಸೆಂಟಿಸ್ಟೋಕ್!

ಇದರಿಂದ ಒಂದು ತಮಾಷೆ ಹುಟ್ಟುತ್ತದೆ. 12.4 ಬಂದ ಆಯಿಲ್‌ಗೆ 30 ಎಂಬ ಹೆಸರು. 12.6 ಬಂದದ್ದಕ್ಕೆ 40. ಎರಡೂ ಹೆಚ್ಚುಕಡಿಮೆ ಒಂದೇ! ಆದರೆ 9.4ರ ಆಯಿಲೂ 12.4ರ ಆಯಿಲೂ ಅಷ್ಟು ದೂರವಿದ್ದರೂ ಎರಡರ ಡಬ್ಬಿಯ ಮೇಲೂ 30 ಅಂತಲೇ ಇರುತ್ತದೆ.

‘ಬಿಸಿಯಾದಾಗ ಈ ಆಯಿಲ್ ಗಟ್ಟಿಯಾಗುತ್ತದೆ, 5 ಇದ್ದದ್ದು 30 ಆಗುತ್ತದೆ’ ಎನ್ನುವವರನ್ನು ನೀವೂ ಕೇಳಿರಬಹುದು. ಖಂಡಿತ ಇಲ್ಲ! ಸಾಮಾನ್ಯ 5ಡಬ್ಲ್ಯು-30 ಆಯಿಲ್ 40 ಡಿಗ್ರಿಯಲ್ಲಿ ಸುಮಾರು 60 ಸೆಂಟಿಸ್ಟೋಕ್ ಇದ್ದರೆ 100 ಡಿಗ್ರಿಗೆ ಬರುವಷ್ಟರಲ್ಲಿ ಸುಮಾರು 10ಕ್ಕೆ ಇಳಿಯುತ್ತದೆ. ಆರು ಪಟ್ಟು ತೆಳುವಾಯಿತು! ಬಿಸಿಯಾದರೆ ಎಲ್ಲ ಆಯಿಲೂ ತೆಳುವಾಗುತ್ತದೆ. ಕೆಲವು ಬೇಗ ತೆಳುವಾಗುತ್ತವೆ, ಕೆಲವು ತಡೆದುಕೊಳ್ಳುತ್ತವೆ, ಅಷ್ಟೇ.

ತಡೆದುಕೊಳ್ಳುವ ಆ ಶಕ್ತಿ ಎಲ್ಲಿಂದ ಬಂತು? ಆಯಿಲ್‌ಗೆ ಬೆರೆಸಿರುವ ಪಾಲಿಮರ್‌ಗಳಿಂದ. ಇವು ಕಣ್ಣಿಗೆ ಕಾಣದ ಉದ್ದುದ್ದ ಎಳೆಗಳು. ತಣ್ಣಗಿರುವಾಗ ಮುದುಡಿಕೊಂಡಿರುತ್ತವೆ, ಬಿಸಿಯಾದಾಗ ಬಿಚ್ಚಿಕೊಂಡು ಹರಿವನ್ನು ತಡೆಯುತ್ತವೆ. ಹೀಗಾಗಿ ಒಂದೇ ಆಯಿಲ್ ಎರಡೂ ಕಾಲಕ್ಕೆ ಒದಗುತ್ತದೆ. ಹಿಂದೆ ಚಳಿ ದೇಶಗಳಲ್ಲಿ ಬೇಸಿಗೆಗೊಂದು, ಚಳಿಗಾಲಕ್ಕೊಂದು ಅಂತ ಆಯಿಲ್ ಬದಲಿಸಬೇಕಾಗಿತ್ತು!

ಆದರೆ ಆ ಎಳೆಗಳು ಅಮರವಲ್ಲ. ಗೇರುಗಳ, ಬೇರಿಂಗ್‌ಗಳ ಇಕ್ಕಟ್ಟಿನಲ್ಲಿ ಸಿಕ್ಕಿ ತುಂಡಾಗುತ್ತಾ ಹೋಗುತ್ತವೆ. 40 ಎಂದು ಸುರಿದ ಆಯಿಲ್ ಓಡಿ ಓಡಿ 30ರ ದರ್ಜೆಗೆ ಇಳಿದುಬಿಡಬಹುದು. ಡಬ್ಬಿಯ ಮೇಲಿನ ಅಂಕಿ ಹೊಸ ಆಯಿಲ್‌ನದು, ನಿಮ್ಮ ಎಂಜಿನ್ನಿನಲ್ಲಿ ಈಗ ಇರುವುದರದ್ದಲ್ಲ!

ಈ ಅಂಕಿಗಳ ಹಿಂದಿರುವುದು ಎಸ್‌ಎಇ ಎಂಬ ಅಮೆರಿಕದ ಎಂಜಿನಿಯರುಗಳ ಸಂಸ್ಥೆ. ಆಯಿಲ್‌ಗಳ ದರ್ಜೆಯ ಪಟ್ಟಿಯನ್ನು ಅದು ಮೊದಲು ಹೊರಡಿಸಿದ್ದು 1911ರಲ್ಲಿ. ನೂರು ವರ್ಷ ದಾಟಿದರೂ ಪಟ್ಟಿ ಇನ್ನೂ ಬೆಳೆಯುತ್ತಲೇ ಇದೆ!

ಬೆಳೆದದ್ದು ಹೇಗೆ ನೋಡಿ. 60, 50, 40, 30, 20 ಎಂದು ಹತ್ತು ಹತ್ತಾಗಿ ಇಳಿದುಬಂದ ಅಂಕಿ ಆಮೇಲೆ 16, 12, 8 ಎಂದು ನಾಲ್ಕು ನಾಲ್ಕಾಗಿ ಇಳಿಯಿತು! 15, 10, 5 ಎಂದು ಇಟ್ಟರೆ ಚಳಿಗಾಲದ ಅಂಕಿಗಳ ಜೊತೆ ಗೊಂದಲವಾಗುತ್ತಿತ್ತು. 16 ಬಂದದ್ದು 2013ರಲ್ಲಿ, 12 ಮತ್ತು 8 ಬಂದದ್ದು 2015ರಲ್ಲಿ. ಜಪಾನಿನಲ್ಲಿ 0ಡಬ್ಲ್ಯು-8 ಆಯಿಲ್ ಹಾಕಿಕೊಂಡು ಓಡುವ ಕಾರುಗಳೂ ಇವೆ!

ಇಬ್ಬರು ವೈದ್ಯರು, ಒಂದು ಬಿರಡೆ, ಒಂದಿಷ್ಟು ಹರಳೆಣ್ಣೆ

ಆಯಿಲ್‌ನ ಚಳಿ ಪರೀಕ್ಷೆಯ ಅಳತೆ ‘ಸೆಂಟಿಪಾಯ್ಸ್’. ಇದು ಯಾರ ಹೆಸರು ಗೊತ್ತೇ? ಫ್ರಾನ್ಸಿನ ವೈದ್ಯ ಪ್ವಾಸ್ಯೂಯಿ ಅವರದ್ದು. 19ನೇ ಶತಮಾನದಲ್ಲಿ ಅವರು ಅಧ್ಯಯನ ಮಾಡಿದ್ದು ಎಂಜಿನ್ ಆಯಿಲನ್ನಲ್ಲ. ಸಣ್ಣ ನಾಳಗಳಲ್ಲಿ ನಮ್ಮ ರಕ್ತ ಹೇಗೆ ಹರಿಯುತ್ತದೆ ಎಂಬುದನ್ನು!

ಇನ್ನೊಬ್ಬ ವೈದ್ಯರು ಅಮೆರಿಕದ ಜಾನ್ ಎಲ್ಲಿಸ್. ಕಲ್ಲೆಣ್ಣೆಯಲ್ಲಿ ಔಷಧದ ಗುಣ ಇದೆಯೇ ಎಂದು ಹುಡುಕಹೊರಟರು. ಔಷಧ ಸಿಗಲಿಲ್ಲ. ಉಗಿ ಎಂಜಿನ್ನಿನ ವಾಲ್ವ್‌ಗಳಿಗೆ ಹೇಳಿ ಮಾಡಿಸಿದ ಜಾರುಕ ಸಿಕ್ಕಿತು! 1866ರಲ್ಲಿ ಅವರು ಶುರುಮಾಡಿದ ಕಂಪನಿಯೇ ಇವತ್ತಿನ ವಾಲ್ವೊಲಿನ್.

ಈಗ ಬಿರಡೆಯ ಕಥೆ. 1883ರಲ್ಲಿ ಇಂಗ್ಲೆಂಡಿನ ಬೋಶಂಪ್ ಟವರ್ ಎಂಬ ಎಂಜಿನಿಯರ್ ರೈಲುಗಾಲಿಯ ಬೇರಿಂಗ್‌ಗಳನ್ನು ಪರೀಕ್ಷಿಸುತ್ತಿದ್ದರು. ಆಯಿಲ್ ಬಿಡಲೆಂದು ಬೇರಿಂಗಿನ ನೆತ್ತಿಗೆ ತೂತು ಕೊರೆದರು. ಅಚ್ಚು ತಿರುಗಿದಾಗ ಆ ತೂತಿನಿಂದ ಆಯಿಲ್ ಒಳಗೆ ಹೋಗುವ ಬದಲು ಮೇಲಕ್ಕೆ ಉಕ್ಕಿ ಬಂತು! ಬೆಂಡಿನ ಬಿರಡೆ ಒತ್ತಿದರು. ಬಿರಡೆ ಹೊರಬಿತ್ತು. ಮರದ ಬಿರಡೆ ಜಡಿದರು. ಅದೂ ಮೆಲ್ಲಗೆ ಹೊರಬಂತು!

ಕೊನೆಗೆ ಅಲ್ಲಿ ಒತ್ತಡದ ಮಾಪಕವನ್ನೇ ಕೂರಿಸಿದರು. ಮುಳ್ಳು 200 ಪೌಂಡಿನ ಗೆರೆ ದಾಟಿತು. ಬೇರಿಂಗಿನ ಮೇಲೆ ಅವರು ಹೇರಿದ್ದ ಸರಾಸರಿ ಭಾರ ಚದರ ಇಂಚಿಗೆ ಅದರ ಅರ್ಧದಷ್ಟು ಮಾತ್ರ! ತಿರುಗುವ ಲೋಹವೇ ಆಯಿಲನ್ನು ಅಡಿಗೆ ಎಳೆದುಕೊಂಡು, ಆ ಆಯಿಲ್‌ನ ಮೇಲೆಯೇ ತೇಲುತ್ತದೆ ಎಂಬ ಗುಟ್ಟು ಹೀಗೆ ಬಯಲಾಯಿತು. ಅದರ ಗಣಿತವನ್ನು 1886ರಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಬಿಡಿಸಿಟ್ಟರು.

ಅಂದರೆ ನಿಮ್ಮ ಕಾರು ಓಡುವಾಗ ಕ್ರ್ಯಾಂಕ್‌ಶಾಫ್ಟ್ ತನ್ನ ಬೇರಿಂಗನ್ನು ಮುಟ್ಟುವುದೇ ಇಲ್ಲ! ನಡುವೆ ಕೆಲವೇ ಮೈಕ್ರಾನ್ ದಪ್ಪದ ಆಯಿಲ್ ಪದರ ಇರುತ್ತದೆ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ಕ್ರ್ಯಾಂಕ್‌ಶಾಫ್ಟಿನ ಮೇಲೆ ಬೀಳುವ ಭಾರವನ್ನು, ಪ್ರತಿ ಸಿಡಿತದ ಹೊಡೆತವನ್ನು ತಾಳುವುದು ಅದೇ ಪದರ!

ನಮ್ಮ ಅಜ್ಜಿಯರು ನೆತ್ತಿಗೆ ತಟ್ಟುತ್ತಿದ್ದ ಹರಳೆಣ್ಣೆಯೂ ಒಂದು ಕಾಲದ ಎಂಜಿನ್ ಆಯಿಲ್! ಮೊದಲ ಮಹಾಯುದ್ಧದ ವಿಮಾನಗಳ ರೋಟರಿ ಎಂಜಿನ್ನಿಗೆ ಅದನ್ನೇ ಹಾಕುತ್ತಿದ್ದರು. ಪೆಟ್ರೋಲಿನಲ್ಲಿ ಸುಲಭವಾಗಿ ಕರಗುವುದಿಲ್ಲ ಎಂಬುದೇ ಅದರ ಹೆಚ್ಚುಗಾರಿಕೆ. ಎಂಜಿನ್ ಉಗುಳಿದ ಎಣ್ಣೆಯ ಹೊಗೆ ಪೈಲಟ್‌ಗಳ ಮೂಗು ಬಾಯಿಗೆ ಹೋಗುತ್ತಿತ್ತು. ಹರಳೆಣ್ಣೆ ಹೊಟ್ಟೆಗೆ ಹೋದರೆ ಏನಾಗುತ್ತದೆ ಎಂದು ನಿಮಗೆ ಹೇಳಬೇಕೇ!

ಚಾರ್ಲ್ಸ್ ವೇಕ್‌ಫೀಲ್ಡ್ ಅವರ ಕಂಪನಿ 1909ರಲ್ಲಿ ಹರಳೆಣ್ಣೆ ಬೆರೆಸಿದ ಆಯಿಲ್ ಹೊರತಂದಿತು. ಅದರ ಹೆಸರು ಕ್ಯಾಸ್ಟ್ರಾಲ್. ಕ್ಯಾಸ್ಟರ್ ಎಂದರೆ ಹರಳು! ಇವತ್ತಿಗೂ ಜಗತ್ತಿನ ಹರಳೆಣ್ಣೆಯಲ್ಲಿ ಸಿಂಹಪಾಲು ಭಾರತದ್ದೇ, ಅದರಲ್ಲೂ ಗುಜರಾತಿನದ್ದು.

ತೆಳುವೋ, ಮಂದವೋ?

‘ನಮ್ಮದು ಬಿಸಿಲೂರು, ಮಂದ ಆಯಿಲ್ ಹಾಕಿಬಿಡಿ’ ಎನ್ನುವುದು ರಾಯಚೂರು, ಕಲಬುರಗಿ ಕಡೆ ಕೇಳಿಬರುವ ಮಾತು. ಆದರೆ ಎಂಜಿನ್ನಿಗೆ ಊರಿನ ಬಿಸಿಲು ಅಷ್ಟಾಗಿ ಗೊತ್ತಾಗುವುದೇ ಇಲ್ಲ! ಮಡಿಕೇರಿಯ 15 ಡಿಗ್ರಿಯಿರಲಿ, ರಾಯಚೂರಿನ 42 ಡಿಗ್ರಿಯಿರಲಿ, ಥರ್ಮೋಸ್ಟಾಟ್ ಕೂಲಂಟನ್ನು ಸುಮಾರು 90 ಡಿಗ್ರಿಯ ಆಸುಪಾಸಿನಲ್ಲೇ ಹಿಡಿದಿಡುತ್ತದೆ. ಚೆನ್ನಾಗಿ ಕಾದ ಎಂಜಿನ್ನಿನಲ್ಲಿ ಆಯಿಲ್ 100 ಡಿಗ್ರಿಯ ಹತ್ತಿರ ಓಡಾಡುತ್ತಿರುತ್ತದೆ.

ಮಂದ ಆಯಿಲ್ ಹಾಕಿದರೆ ಒತ್ತಡ ಏರುತ್ತದೆ, ಒಳ್ಳೆಯದೇ ಅಲ್ಲವೇ? ಇಲ್ಲೇ ಇದೆ ಮೋಸ! ಒತ್ತಡ ಏರಿದ್ದು ಆಯಿಲ್ ಮುಂದಕ್ಕೆ ಹರಿಯಲು ಒದ್ದಾಡುತ್ತಿರುವುದರಿಂದಲೂ ಆಗಿರಬಹುದು. ಬೇರಿಂಗ್‌ಗೆ ಬೇಕಾದದ್ದು ಹರಿವು. ಕಾವನ್ನು ಹೊತ್ತೊಯ್ಯುವುದು ಕೂಡ ಆ ಹರಿವೇ.

ತೆಳು ಆಯಿಲ್‌ನಿಂದ ಸಿಗುವ ಮೈಲೇಜ್ ಎಷ್ಟು? ನೂರಕ್ಕೆ ಒಂದೆರಡು ಪಾಲು. ಇಷ್ಟೇನಾ ಎಂದಿರಾ? ಲಕ್ಷಗಟ್ಟಲೆ ಕಾರು ಮಾರುವ ಕಂಪನಿಗೆ ಇಂಧನ ಉಳಿತಾಯದ ಸರ್ಕಾರಿ ಗುರಿ ಮುಟ್ಟಲು ಆ ಒಂದೆರಡೇ ದೊಡ್ಡದು!

ಅದಕ್ಕೇ ಒಂದು ವಿಚಿತ್ರ ನಡೆಯುತ್ತದೆ. ಒಂದೇ ಎಂಜಿನ್, ಒಂದೇ ಕಂಪನಿ. ಅಮೆರಿಕದ ಕೈಪಿಡಿಯಲ್ಲಿ 0ಡಬ್ಲ್ಯು-20 ಒಂದನ್ನೇ ಹೇಳಿರುತ್ತಾರೆ. ಇನ್ನೊಂದು ದೇಶದ ಕೈಪಿಡಿಯಲ್ಲಿ ಮೂರು ನಾಲ್ಕು ದರ್ಜೆಗಳಿಗೆ ಒಪ್ಪಿಗೆ ಇರುತ್ತದೆ! ಗಡಿ ದಾಟಿದರೆ ಆಯಿಲೂ ಬದಲಾಗುತ್ತದೆ.

ಹಾಗಂತ ಮನಸ್ಸಿಗೆ ಬಂದದ್ದನ್ನು ಸುರಿಯಬೇಡಿ. ಈಗಿನ ಕಾರುಗಳಲ್ಲಿ ಆಯಿಲ್ ಜಾರಿಸುವ ಕೆಲಸವೊಂದನ್ನೇ ಮಾಡುವುದಿಲ್ಲ. ವಾಲ್ವ್ ಯಾವಾಗ ತೆರೆಯಬೇಕು ಎಂಬ ಹೊತ್ತನ್ನು ಹಿಂದೆ ಮುಂದೆ ಮಾಡುವ ಯಂತ್ರವೂ ಎಷ್ಟೋ ಕಾರುಗಳಲ್ಲಿ ಆಯಿಲ್ ಒತ್ತಡದಿಂದಲೇ ನಡೆಯುತ್ತದೆ. ತೀರಾ ಮಂದ ಆಯಿಲ್ ಹಾಕಿದರೆ ಅದು ತಡವರಿಸಿ, ಚೆಕ್ ಎಂಜಿನ್ ದೀಪ ಹತ್ತಿದರೂ ಹತ್ತೀತು!

ಟರ್ಬೊ ಇರುವ ಕಾರೇ? ಅದರ ಪುಟ್ಟ ಚಕ್ರ ನಿಮಿಷಕ್ಕೆ 2 ಲಕ್ಷ ಸುತ್ತು ಸುತ್ತಬಲ್ಲದು. ಬಹುತೇಕ ಟರ್ಬೊಗಳಲ್ಲಿ ಆ ಚಕ್ರದ ಕಡ್ಡಿ ತಿರುಗುವುದು ಗುಂಡು ಬೇರಿಂಗಿನ ಮೇಲಲ್ಲ, ಆಯಿಲ್ ಪದರದ ಮೇಲೆ!

ಡಬ್ಬಿಯಲ್ಲಿರುವುದೆಲ್ಲ ಎಣ್ಣೆಯೇ ಎಂದುಕೊಂಡಿರಾ? ಅದರಲ್ಲಿ ಸುಮಾರು ಐದನೇ ಒಂದು ಭಾಗ ಬೆರಕೆ ರಾಸಾಯನಿಕಗಳು! ತೊಳೆಯಲು ಒಂದು, ನೊರೆ ತಡೆಯಲು ಒಂದು, ತುಕ್ಕು ತಡೆಯಲು ಇನ್ನೊಂದು. ಸವೆತ ತಡೆಯುವ ಸತು ಮತ್ತು ರಂಜಕದ ಬೆರಕೆಯಂತೂ 1940ರ ದಶಕದಲ್ಲಿ ಬೇರಿಂಗ್ ಕೊರೆಯದಂತೆ ತಡೆಯಲು ಬಂದದ್ದು. ಅದು ಸವೆತವನ್ನೂ ತಡೆಯುತ್ತದೆ ಎಂದು ಆಮೇಲೆ ಗೊತ್ತಾಯಿತು!

‘ಅಯ್ಯೋ, ಆಯಿಲ್ ಕಪ್ಪಾಗಿದೆ, ಹಾಳಾಗಿದೆ’ ಎಂದು ಗಾಬರಿಯಾಗುತ್ತೀರಲ್ಲ? ಕಪ್ಪಾಗಿದ್ದರೆ ಅದು ಕೆಲಸ ಮಾಡುತ್ತಿದೆ ಎಂದೇ ಅರ್ಥ! ಮಸಿಯನ್ನು ಎಂಜಿನ್ನಿಗೆ ಅಂಟಲು ಬಿಡದೆ ತನ್ನೊಳಗೆ ತೇಲಿಸಿಕೊಂಡಿದೆ. ಡೀಸೆಲ್ ಕಾರಿನಲ್ಲಿ ಹೊಸ ಆಯಿಲ್ ಹಾಕಿ ಸ್ವಲ್ಪ ದೂರ ಓಡಿಸುವಷ್ಟರಲ್ಲೇ ಕಪ್ಪು. ಬಣ್ಣ ನೋಡಿ ಆಯಿಲ್‌ನ ವಯಸ್ಸು ಹೇಳಲಾಗದು.

ಆಯಿಲ್ ಬಿಸಿಗೆ ಹಿಗ್ಗುತ್ತದೆ ಗೊತ್ತೇ? ಸಣ್ಣ ಪೆಟ್ರೋಲ್ ಕಾರಿನ ಚೇಂಬರಿನಲ್ಲಿ, ಅಂದರೆ ಎಂಜಿನ್ನಿನ ತಳದ ಆಯಿಲ್ ತೊಟ್ಟಿಯಲ್ಲಿ, ಸುಮಾರು 3 ಲೀಟರ್ ಇರುತ್ತದೆ. ಕಾವು 100 ಡಿಗ್ರಿ ಏರಿದರೆ ಅದು 200 ಮಿಲಿಲೀಟರಿನಷ್ಟು ಹೆಚ್ಚುತ್ತದೆ! ಡಿಪ್‌ಸ್ಟಿಕ್ ಯಾವಾಗ ಎಳೆದು ನೋಡಬೇಕು ಎಂದು ಕೈಪಿಡಿ ಅಷ್ಟು ಒತ್ತಿ ಹೇಳುವುದು ಸುಮ್ಮನೆ ಅಲ್ಲ.

ಇನ್ನೂ ವಿಚಿತ್ರ ಕೇಳಿ. ಕೆಲವು ಬಿಎಸ್6 ಡೀಸೆಲ್ ಕಾರುಗಳಲ್ಲಿ ಆಯಿಲ್ ಕಡಿಮೆಯಾಗುವ ಬದಲು ಹೆಚ್ಚಾಗುತ್ತದೆ! ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಜಾಲರಿಯನ್ನು ಸುಟ್ಟು ಶುಚಿ ಮಾಡಲು ಎಂಜಿನ್ ಹೆಚ್ಚುವರಿ ಡೀಸೆಲ್ ಚಿಮ್ಮಿಸುತ್ತದೆ. ಅದರಲ್ಲಿ ಒಂದಿಷ್ಟು ಸಿಲಿಂಡರಿನ ಗೋಡೆ ಹಿಡಿದು ಚೇಂಬರಿಗೆ ಇಳಿಯುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಗೆರೆ ಮೀರಿ ಕಂಡರೆ ಖುಷಿಪಡಬೇಡಿ, ಗ್ಯಾರೇಜಿಗೆ ಹೋಗಿ!

ಇಂಥ ಕಾರಿಗೆ ಬೇಕಾದ ಆಯಿಲೇ ಬೇರೆ. ಸುಟ್ಟಾಗ ಬೂದಿ ಕಡಿಮೆ ಬಿಡಬೇಕು. ಮಸಿಯನ್ನು ಸುಟ್ಟು ತೆಗೆಯಬಹುದು, ಆಯಿಲ್ ಬೂದಿಯನ್ನು ಸುಡಲಾಗದು. ಅದು ಡಿಪಿಎಫ್‌ನಲ್ಲಿ ಕೂತದ್ದು ಕೂತದ್ದೇ! ಹಾಗಾಗಿ ಅಂಕಿ 5ಡಬ್ಲ್ಯು-30 ಒಂದೇ ಆದರೂ ಹಳೆಯ ಡೀಸೆಲ್ ಕಾರಿನ ಡಬ್ಬಿ ಹೊಸ ಡೀಸೆಲ್ ಕಾರಿಗೆ ಸಲ್ಲದು.

ಒಂದು ಲೀಟರ್ ಪೆಟ್ರೋಲ್ ಉರಿದರೆ ಎಷ್ಟು ನೀರು ಹುಟ್ಟುತ್ತದೆ? ಹೆಚ್ಚುಕಡಿಮೆ ಒಂದು ಲೀಟರ್! ಬಹುಪಾಲು ಹಬೆಯಾಗಿ ಸೈಲೆನ್ಸರ್ ದಾರಿ ಹಿಡಿಯುತ್ತದೆ. ಸ್ವಲ್ಪ ಆಯಿಲ್‌ಗೂ ಸೇರುತ್ತದೆ. ದೂರ ಓಡಿಸಿದರೆ ಕಾವಿಗೆ ಆವಿಯಾಗಿ ಹೋಗುತ್ತದೆ. ದಿನಾ ಮಗುವನ್ನು ಶಾಲೆಗೆ ಬಿಟ್ಟು ಬರುವಷ್ಟೇ ಓಡುವ ಕಾರಿನಲ್ಲಿ ಆ ನೀರು ಉಳಿದೇ ಹೋಗುತ್ತದೆ.

ಬೆಂಗಳೂರಿನ ಔಟರ್ ರಿಂಗ್ ರೋಡಿನಲ್ಲಿ ನಿಂತು ನಿಂತು ಸಾಗುವ ಕಾರು ಎಂಜಿನ್ ಲೆಕ್ಕದಲ್ಲಿ ‘ಕಠಿಣ ಬಳಕೆ’ಯ ಕಾರು! ಕಿಲೋಮೀಟರ್ ಏರುವುದಿಲ್ಲ, ಎಂಜಿನ್ ಮಾತ್ರ ಉರಿಯುತ್ತಲೇ ಇರುತ್ತದೆ. ಕೈಪಿಡಿಯಲ್ಲಿ ದೂಳು, ಸಣ್ಣ ಓಡಾಟ, ಟ್ರಾಫಿಕ್ ಇವಕ್ಕೆಲ್ಲ ಬೇರೆಯೇ ಪಟ್ಟಿ ಇರುತ್ತದೆ. ಅಲ್ಲಿ ಆಯಿಲ್ ಬದಲಿಸುವ ಅವಧಿ ಚಿಕ್ಕದು.

‘ಸಿಂಥೆಟಿಕ್’ ಎಂದ ಕೂಡಲೇ ಕಲ್ಲೆಣ್ಣೆಯ ಸೋಂಕೇ ಇಲ್ಲದ್ದು ಎಂದುಕೊಳ್ಳುತ್ತೇವೆ. ಎಷ್ಟೋ ಸಿಂಥೆಟಿಕ್ ಆಯಿಲ್‌ಗಳು ಹುಟ್ಟುವುದು ಕಲ್ಲೆಣ್ಣೆಯಿಂದಲೇ! ಅದನ್ನು ಜಲಜನಕದ ಜೊತೆ ಭಾರಿ ಒತ್ತಡದಲ್ಲಿ ಕಾಯಿಸಿ, ಅಣುಗಳನ್ನೇ ಮುರಿದು ಹೊಸದಾಗಿ ಜೋಡಿಸುತ್ತಾರೆ. ಇದನ್ನೂ ಸಿಂಥೆಟಿಕ್ ಎಂದು ಕರೆಯಬಹುದೇ ಎಂದು ಮೊಬಿಲ್ ಮತ್ತು ಕ್ಯಾಸ್ಟ್ರಾಲ್ ಅಮೆರಿಕದಲ್ಲಿ ಜಗಳವಾಡಿದ್ದವು. ಕರೆಯಬಹುದು ಎಂದು 1999ರಲ್ಲಿ ತೀರ್ಪು ಬಂತು! ಕತಾರಿನ ಒಂದು ಕಾರ್ಖಾನೆಯಂತೂ ನೈಸರ್ಗಿಕ ಅನಿಲದಿಂದಲೇ ಆಯಿಲ್ ಮಾಡುತ್ತದೆ.

ಆಯಿಲೇ ಎಂಜಿನ್ ಒಡೆದೀತು ಎಂದರೆ ನಂಬುತ್ತೀರಾ? ಪುಟ್ಟ ಟರ್ಬೊ ಪೆಟ್ರೋಲ್ ಎಂಜಿನ್ನುಗಳಲ್ಲಿ ಆಯಿಲ್‌ನ ಒಂದು ಹನಿ ಸಿಲಿಂಡರಿಗೆ ಸೇರಿ, ಕಿಡಿ ಹಾರುವ ಮೊದಲೇ ಬೆಂಕಿ ಹಚ್ಚುತ್ತಿತ್ತು. ಪಿಸ್ಟನ್ ಬಿರಿಯುತ್ತಿತ್ತು! ತೊಳೆಯಲೆಂದು ಬೆರೆಸುತ್ತಿದ್ದ ಕ್ಯಾಲ್ಸಿಯಂನ ಕೈವಾಡವೂ ಅದರಲ್ಲಿ ಇತ್ತು. ಅದನ್ನು ತಗ್ಗಿಸಿ ಮೆಗ್ನೀಷಿಯಂ ಸೇರಿಸಿದ ಆಯಿಲ್‌ಗಳು ಬಂದವು. ಡಬ್ಬಿಯ ಹಿಂದೆ 2020ರಲ್ಲಿ ಬಂದ ‘ಎಪಿಐ ಎಸ್‌ಪಿ’ ಎಂಬ ಗುಣಮಟ್ಟದ ಗುರುತು ಇದ್ದರೆ ಆ ಕಾಪು ನಿಮಗೆ ಸಿಕ್ಕಿತು.

ಉಳಿದ ಕಾರಿನ ಆಯಿಲನ್ನು ಬೈಕಿಗೆ ಸುರಿಯೋಣ ಅನ್ನಿಸುತ್ತದೆಯೇ? ತಡೆಯಿರಿ! ಬಹುತೇಕ ಬೈಕುಗಳಲ್ಲಿ ಕ್ಲಚ್ ಫಲಕಗಳು ಅದೇ ಆಯಿಲ್‌ನಲ್ಲಿ ಮುಳುಗಿರುತ್ತವೆ. ಕಾರಿನ ಆಯಿಲ್‌ನ ಹೆಚ್ಚಿನ ಜಾರಿಕೆಗೆ ಕ್ಲಚ್ಚೇ ಜಾರಿಬಿಡಬಹುದು. ಬೈಕ್ ಡಬ್ಬಿಯ ಮೇಲೆ ‘ಜಾಸೊ ಎಂಎ’ ಎಂಬ ಗುರುತು ಇರುವುದು ಇದಕ್ಕೇ.

ಆ ಪುಟ್ಟ ಫಿಲ್ಟರ್

ಒಂದು ಕಾಲದ ಕಾರುಗಳಿಗೆ ಆಯಿಲ್ ಫಿಲ್ಟರೇ ಇರಲಿಲ್ಲ! ಜಗತ್ಪ್ರಸಿದ್ಧ ಫೋರ್ಡ್ ಮಾಡೆಲ್ ಟಿ ಕಾರಿಗೆ ಫಿಲ್ಟರೂ ಇಲ್ಲ, ಆಯಿಲ್ ಪಂಪೂ ಇಲ್ಲ. ತಿರುಗುವ ಭಾಗಗಳೇ ಆಯಿಲನ್ನು ಎರಚಾಡುತ್ತಿದ್ದವು. ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್‌ನಲ್ಲಿ ಬರೀ ಒಂದು ತಂತಿ ಜಾಲರಿ!

ಫಿಲ್ಟರ್ ಬಂದದ್ದು 1923ರಲ್ಲಿ, ಅರ್ನೆಸ್ಟ್ ಸ್ವೀಟ್‌ಲ್ಯಾಂಡ್ ಮತ್ತು ಜಾರ್ಜ್ ಗ್ರೀನ್‌ಹಾಲ್ಷ್ ಅವರಿಂದ. ಮರುವರ್ಷವೇ ಕ್ರೈಸ್ಲರ್ ಕಾರಿನಲ್ಲಿ ಅದು ಕಾರ್ಖಾನೆಯಿಂದಲೇ ಕೂತು ಬಂತು.

ಕೆಲವು ಹಳೆಯ 100 ಸಿಸಿ ಬೈಕುಗಳಲ್ಲಿ ಕಾಗದದ ಫಿಲ್ಟರ್ ಇಲ್ಲವೇ ಇಲ್ಲ. ಒಂದು ಬಟ್ಟಲು ಗಿರಗಿರ ತಿರುಗಿ ಕೊಳೆಯನ್ನು ಅಂಚಿಗೆ ಎಸೆಯುತ್ತದೆ. ಬದಲಿಸುವ ಮಾತೇ ಇಲ್ಲ, ಬಿಚ್ಚಿ ಒರೆಸಿದರೆ ಆಯಿತು!

ಹೊಸ ಫಿಲ್ಟರ್ ಕೈಗೆ ಸಿಕ್ಕರೆ ತಿರುಗಿಸಿ ಬಾಯಿ ನೋಡಿ. ನಡುವೆ ಮರೆ (ಥ್ರೆಡ್) ಇರುವ ದೊಡ್ಡ ತೂತು, ಸುತ್ತ ಪುಟ್ಟ ಪುಟ್ಟ ತೂತುಗಳ ಸಾಲು. ಆಯಿಲ್ ಒಳಹೋಗುವುದು ದೊಡ್ಡ ತೂತಿನಿಂದ ಎಂದುಕೊಂಡಿರಾ? ಉಲ್ಟಾ! ಸುತ್ತಲಿನ ಸಣ್ಣ ತೂತುಗಳಿಂದ ಒಳಗೆ, ಕಾಗದದ ಮಡಿಕೆಗಳ ಹೊರಗಿನಿಂದ ನಡುವಿಗೆ, ಅಲ್ಲಿಂದ ಎಂಜಿನ್ನಿಗೆ.

ಆ ಸಣ್ಣ ತೂತುಗಳಲ್ಲಿ ಇಣುಕಿದರೆ ರಬ್ಬರಿನ ಒಂದು ಪರದೆ ಕಾಣಿಸಬಹುದು. ಕಪ್ಪಗಿದ್ದರೆ ಸಾಮಾನ್ಯವಾಗಿ ನೈಟ್ರೈಲ್, ಕಿತ್ತಳೆಗೆಂಪಾಗಿದ್ದರೆ ಸಿಲಿಕೋನ್. ಎಂಜಿನ್ ಆಫ್ ಮಾಡಿದಾಗ ಫಿಲ್ಟರಿನ ಆಯಿಲ್ ಚೇಂಬರಿಗೆ ವಾಪಸು ಜಾರದಂತೆ ತಡೆಯುವುದು ಇದೇ ಪರದೆ! ಇದು ಸೆಟೆದುಕೊಂಡರೆ ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಒಂದೆರಡು ಕ್ಷಣ ಕಟಕಟ ಸದ್ದು ಕೇಳಬಹುದು.

ಈಗ ದೊಡ್ಡ ಅಚ್ಚರಿ. ಫಿಲ್ಟರಿನ ಹಾದಿಯಲ್ಲೇ ಒಂದು ಕಳ್ಳದಾರಿ ಇದೆ! ಅದೇ ಬೈಪಾಸ್ ವಾಲ್ವ್. ಫಿಲ್ಟರ್ ಕಟ್ಟಿಕೊಂಡರೆ, ಅಥವಾ ಆಯಿಲ್ ಚಳಿಗೆ ಮಂದವಾದರೆ, ಸುಮಾರು ಒಂದು ಬಾರ್ ಒತ್ತಡದ ಅಂತರದಲ್ಲಿ ಅದು ತೆರೆದುಕೊಂಡು ಸೋಸದ ಆಯಿಲನ್ನೇ ಎಂಜಿನ್ನಿಗೆ ಬಿಡುತ್ತದೆ. ಬರಿಗೈಗಿಂತ ಕೊಳೆ ಆಯಿಲೇ ಮೇಲು ಎಂಬ ಲೆಕ್ಕ!

ಕೆಲವು ಕಾರುಗಳಲ್ಲಿ ಈ ವಾಲ್ವ್ ಫಿಲ್ಟರಿನೊಳಗೆ, ಕೆಲವದರಲ್ಲಿ ಎಂಜಿನ್ನಿನೊಳಗೆ. ಹಾಗಾಗಿ ಹೊರಗಿನಿಂದ ಅವಳಿಜವಳಿಯಂತೆ ಕಾಣುವ, ಮರೆಯೂ ಸರಿಹೊಂದುವ ಎರಡು ಫಿಲ್ಟರ್‌ಗಳು ಒಳಗೆ ಬೇರೆ ಬೇರೆಯೇ ಆಗಿರಬಹುದು! ಕೂತಿತು ಎಂದ ಮಾತ್ರಕ್ಕೆ ಸರಿಯಾದದ್ದಲ್ಲ. ನಂಬರ್ ನೋಡಿಯೇ ಕೊಳ್ಳಿ.

ಹಳೆಯ ಫಿಲ್ಟರ್ ಹೊಸದಕ್ಕಿಂತ ಚೆನ್ನಾಗಿ ಸೋಸುತ್ತದೆ ಗೊತ್ತೇ? ನಿಜ! ಮೊದಲು ಸಿಕ್ಕಿದ ಕಣಗಳು ಕಾಗದದ ರಂಧ್ರಗಳನ್ನು ಕಿರಿದಾಗಿಸುತ್ತವೆ, ಇನ್ನೂ ಸಣ್ಣವು ಸಿಕ್ಕಿಬೀಳುತ್ತವೆ. ಕಟ್ಟಿಕೊಂಡು ಬೈಪಾಸ್ ತೆರೆಯುವವರೆಗೆ ಮಾತ್ರ ಈ ವೈಭವ.

ಸಾಮಾನ್ಯ ಕಾಗದದ ಫಿಲ್ಟರ್ ಚೆನ್ನಾಗಿ ಹಿಡಿಯುವುದು ಸುಮಾರು 20ರಿಂದ 30 ಮೈಕ್ರಾನ್‌ಗಿಂತ ದೊಡ್ಡ ಕಣಗಳನ್ನು. ಸುಮಾರು 40 ಮೈಕ್ರಾನ್‌ಗಿಂತ ಸಣ್ಣದು ನಮ್ಮ ಕಣ್ಣಿಗೇ ಕಾಣುವುದಿಲ್ಲ! ಎಂಜಿನ್ ತಿನ್ನುವ ಕಳ್ಳರೆಲ್ಲ ಈ ಕಾಣದ ಗುಂಪಿನವರೇ.

ಸೋಸುವಿಕೆ ಎಷ್ಟು ಮುಖ್ಯ ಎಂದರೆ, 1988ರಲ್ಲಿ ಪ್ರಕಟವಾದ ಒಂದು ಅಧ್ಯಯನ ನೋಡಿ. 40 ಮೈಕ್ರಾನ್ ಫಿಲ್ಟರ್ ಬದಲು 30 ಮೈಕ್ರಾನ್‌ನದ್ದು ಹಾಕಿದಾಗ ಎಂಜಿನ್ ಸವೆತ ಅರ್ಧಕ್ಕಿಳಿಯಿತು. 15 ಮೈಕ್ರಾನ್‌ನದ್ದು ಹಾಕಿದಾಗ ನೂರಕ್ಕೆ 70ರಷ್ಟು ತಗ್ಗಿತು!

ಹೆದ್ದಾರಿಯಲ್ಲಿ ಓಡುವಾಗ ಚೇಂಬರಿನ ಅಷ್ಟೂ ಆಯಿಲ್ ಒಂದು ನಿಮಿಷದೊಳಗೇ ಫಿಲ್ಟರ್ ಹಾದು ಬಂದುಬಿಡುತ್ತದೆ. ಬೆಂಗಳೂರಿನಿಂದ ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ ನೂರಾರು ಸಲ ಸೋಸಿಯಾಯಿತು!

ಫಿಲ್ಟರನ್ನು ಪಾನದಿಂದ ಬಿಗಿಯಬೇಕು ಎಂದುಕೊಂಡಿರಾ? ಬೇಡ, ಕೈಯೇ ಸಾಕು! ರಬ್ಬರ್ ರಿಂಗಿಗೆ ಬೆರಳಿನಿಂದ ಹೊಸ ಆಯಿಲ್ ಸವರಬೇಕು. ರಿಂಗ್ ಎಂಜಿನ್ನಿಗೆ ತಾಗುವವರೆಗೆ ತಿರುಗಿಸಿ, ಆಮೇಲೆ ಸಾಮಾನ್ಯವಾಗಿ ಮುಕ್ಕಾಲು ಸುತ್ತು. ಮುಗಿಯಿತು. ಸರಿಯಾದ ಲೆಕ್ಕ ಫಿಲ್ಟರಿನ ಮೈಮೇಲೆಯೇ ಬರೆದಿರುತ್ತದೆ.

ಒಂದು ಎಚ್ಚರಿಕೆ. ಹಳೆಯ ಫಿಲ್ಟರ್ ಬಿಚ್ಚುವಾಗ ಅದರ ರಿಂಗ್ ಎಂಜಿನ್ನಿಗೇ ಅಂಟಿ ಉಳಿಯಬಹುದು. ನೋಡದೆ ಹೊಸದನ್ನು ಮೇಲೆ ಕೂರಿಸಿದರೆ ರಿಂಗಿನ ಮೇಲೆ ರಿಂಗ್! ಒತ್ತಡ ಏರಿದಾಗ ಅದು ಕಿತ್ತುಕೊಂಡು, ನೋಡನೋಡುತ್ತಿದ್ದಂತೆ ಆಯಿಲೆಲ್ಲ ರಸ್ತೆಪಾಲು. ಅಷ್ಟು ದೊಡ್ಡ ಎಂಜಿನ್ನಿನ ಪ್ರಾಣ ಅಷ್ಟು ಚಿಕ್ಕ ರಿಂಗಿನಲ್ಲಿ!

ಹೋಗುವ ಮುನ್ನ

ಬಸಿದ ಹಳೆಯ ಆಯಿಲನ್ನು ಚರಂಡಿಗೆ ಸುರಿಯುವುದನ್ನು ಕಂಡಿದ್ದೀರಾ? ಒಂದು ಲೀಟರ್ ಆಯಿಲ್ ಹತ್ತು ಲಕ್ಷ ಲೀಟರ್ ನೀರನ್ನು ಕೆಡಿಸಬಲ್ಲದು! ಆದರೆ ಎಣ್ಣೆ ಎಂಬುದು ಸವೆದು ತೀರುವ ವಸ್ತುವಲ್ಲ. ಸವೆಯುವುದು ಅದರ ಬೆರಕೆಗಳು, ಸೇರುವುದು ಕೊಳೆ. ಶುದ್ಧ ಮಾಡಿದರೆ ಅದೇ ಎಣ್ಣೆ ಮತ್ತೆ ಹೊಸ ಡಬ್ಬಿ ಸೇರುತ್ತದೆ. ಬಳಸಿದ ಆಯಿಲನ್ನು ಮರಳಿ ಶುದ್ಧೀಕರಿಸುವ ಹೊಣೆಯನ್ನು ಭಾರತ ಸರ್ಕಾರ 2024ರ ಏಪ್ರಿಲ್ 1ರಿಂದ ತಯಾರಕರ ಮೇಲೂ ಹೊರಿಸಿದೆ. ಸರ್ವಿಸ್ ಆದ ಮೇಲೆ ‘ಹಳೆಯ ಆಯಿಲ್ ಎಲ್ಲಿಗೆ ಹೋಗುತ್ತದೆ?’ ಎಂದು ಒಮ್ಮೆ ಕೇಳಿ ನೋಡಿ.

ಇನ್ನು ಕೊನೆಯದು. ಇಷ್ಟೆಲ್ಲ ಅಂಕಿಗಳಲ್ಲಿ ನಿಮ್ಮ ಕಾರಿಗೆ ಬೇಕಾದದ್ದು ಯಾವುದು ಎಂಬುದು ನಿಮ್ಮ ಕಾರಿನಲ್ಲೇ ಇದೆ. ಮುಂದಿನ ಸೀಟಿನೆದುರಿನ ಖಾನೆಯಲ್ಲಿ, ಪ್ಲಾಸ್ಟಿಕ್ ಕವರ್ ಕೂಡ ತೆಗೆಯದೆ ಇಟ್ಟಿರುವ ಆ ಕೈಪಿಡಿಯಲ್ಲಿ! ದರ್ಜೆಯ ಅಂಕಿ, ಎಪಿಐ ಅಕ್ಷರ, ಎಷ್ಟು ಲೀಟರ್, ಎಷ್ಟು ತಿಂಗಳು ಎಲ್ಲವೂ ಒಂದೇ ಪುಟದಲ್ಲಿ. ಮುಂದಿನ ಸರ್ವಿಸ್‌ಗೆ ಹೋಗುವಾಗ ಆ ಪುಟದ ಫೋಟೊ ನಿಮ್ಮ ಮೊಬೈಲಿನಲ್ಲಿರಲಿ. ಡಬ್ಬಿಯ ಸೀಲ್ ನಿಮ್ಮೆದುರೇ ಒಡೆಯಲಿ. ಅಂಕಿ ತಾಳೆಯಾದರೆ ನಿಮ್ಮ ಎಂಜಿನ್ನಿಗೆ ಹಬ್ಬ!